ಜಂಪರ್ ಕಟ್ಟಿದ ಕೈಗಳು

ಹಾನಗಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಮೊದಲ ಸಲ ನನ್ನೆದುರು ಕೂತಾಗ ಅವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದರು. ಏಪ್ರಿಲ್ ತಿಂಗಳು. ಫ್ಯಾನ್ ತಿರುಗುತ್ತಿದ್ದರೂ ಗೋಡೆಗೆ ಒರಗಿದರೆ ಬೆನ್ನು ಸುಡುತ್ತಿತ್ತು. ಊರು ಯಾವುದು, ಕೆಲಸ ಏನು, ಯಾವಾಗಿನಿಂದ ತೊಂದರೆ ಎಂಬುದನ್ನೆಲ್ಲ ಪಕ್ಕದಲ್ಲಿದ್ದ ಹೆಂಡತಿಯೇ ಹೇಳಿದರು. ಊರು ಹಿರೇಕೆರೂರು ತಾಲ್ಲೂಕಿನ ಒಂದು ಹಳ್ಳಿ. ಗಂಡ ಲೈನ್‌ಮನ್. ಕಂಬ ಹತ್ತಿ ಕರೆಂಟಿನ ತಂತಿ ಸರಿಮಾಡುವ ಕೆಲಸ.

“ಹಿರೇಕೆರೂರಿಗೂ ನಾವು ಬರ್ತೇವಲ್ರಿ. ಇಷ್ಟು ದೂರ ಯಾಕ ಬಂದ್ರಿ?” ಎಂದು ಕೇಳಿದೆ.

“ಅಲ್ಲಿ ನಿಮ್ಮ ಬಾಗಲದಾಗ ಪಾಳಿ ಹಚ್ಚಿದ್ರ ಮಂದಿ ನೋಡ್ತಾರ್ರಿ ಅಕ್ಕಾರ,” ಅಂದರು ಆಕೆ. “ಲೈನ್‌ಮನ್ನಗ ತಲಿ ಕೆಟ್ಟೈತಿ ಅಂತ ಒಮ್ಮೆ ಸುದ್ದಿ ಆದ್ರ ಮುಗೀತು.”

ನಮ್ಮದು ಸಣ್ಣ ತಂಡ. ಒಬ್ಬ ಹಿರಿಯ ಮನೋವೈದ್ಯರು, ಒಬ್ಬ ನರ್ಸ್, ಮನಶ್ಶಾಸ್ತ್ರಜ್ಞೆಯಾಗಿ ನಾನು. ವಾರದಲ್ಲಿ ಒಂದೊಂದು ದಿನ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸುತ್ತುತ್ತೇವೆ. ಡಾಕ್ಟರು ಗುಳಿಗೆ ಬರೆದು ಕಳಿಸುತ್ತಾರೆ. ಮಾತು ಬೇಕಾದವರನ್ನು ನನ್ನ ಕೋಣೆಗೆ ಕಳಿಸುತ್ತಾರೆ. ಈ ಮನುಷ್ಯನನ್ನು ಕಳಿಸುವಾಗ ಅವರು ಚೀಟಿಯಲ್ಲಿ ಏನೂ ಬರೆದಿರಲಿಲ್ಲ, ಬಾಗಿಲವರೆಗೆ ತಾವೇ ಬಂದಿದ್ದರು.

ಹೆಂಡತಿ ಹೇಳುತ್ತ ಹೋದರು. “ಮನ್ಯಾಗ ಫ್ಯಾನಿನ ಬಟನ್ ಸುದ್ದಾ ಮುಟ್ಟೂದಿಲ್ರಿ, ನಾನ ಒತ್ತಬೇಕು. ಫೋನ್ ಬಡದ್ರ ಕೈಯಾಗಿನ ತಾಟ ಚೆಲ್ಲತಾರ. ನಿದ್ದಿಗಣ್ಣಾಗ ಎದ್ದು ಎರಡೂ ಕೈ ಮ್ಯಾಲೆತ್ತಿ ಗ್ವಾಡಿ ಹಿಡಕೊಂಡು ನಿಂದರ್ತಾರ. ಅಷ್ಟಾದ್ರೂ ಮುಂಜಾನೆದ್ದು ಡ್ಯೂಟಿಗೆ ಹೊಕ್ಕಾರ.”

ನಾನು ಅವರತ್ತ ತಿರುಗಿದೆ. “ಅಣ್ಣಾರ, ಈಗೂ ಕಂಬ ಹತ್ತತೀರೇನು?”

“ಹತ್ತತೇನ್ರಿ.”

“ಮ್ಯಾಲ ಹೋದಾಗ ಏನಾಕ್ಕೈತಿ?”

“ಕೈ ಮಾತ ಕೇಳೂದಿಲ್ರಿ,” ಅಂದರು. “ಒಮ್ಮೊಮ್ಮೆ ಹಿಡದಿದ್ದು ಬಿಡವಲ್ಲವು. ಒಮ್ಮೊಮ್ಮೆ ಹಿಡಿಯವಲ್ಲವು.”

ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. ಇಲ್ಲ ಅಂದರು. ಆ ಮಾತನ್ನು ನಂಬಿದೆ. ಆದರೂ ಎದೆ ಹಗುರಾಗಲಿಲ್ಲ. ನನ್ನ ಬಳಿ ಬರುವವರಿಗೆ ದಿಗಿಲು ಹೊಡೆದರೆ ಅಡುಗೆಮನೆಯಲ್ಲೋ ಬಸ್ಸಿನಲ್ಲೋ ಹೊಡೆಯುತ್ತದೆ. ಇವರಿಗೆ ಕಂಬದ ತುದಿಯಲ್ಲಿ ಹೊಡೆಯುತ್ತಿತ್ತು.

ನಡೆದದ್ದು ಹಿಂದಿನ ವರ್ಷ, ಮಳೆಗಾಲಕ್ಕೆ ಮುಂಚಿನ ಗಾಳಿಯಲ್ಲಿ. ಪಕ್ಕದ ಹಳ್ಳಿಯ ಹೊರಗೆ ಕೊಂಬೆ ಬಿದ್ದು ತಂತಿ ಹರಿದಿತ್ತು. ಇವರೂ ಇವರ ಜೊತೆಗಾರನೂ ಹೋದರು. ಇಬ್ಬರೂ ಒಂದೇ ದಿನ ನೌಕರಿಗೆ ಸೇರಿದವರು. ಲೈನ್ ಬಂದ್ ಮಾಡಿಸಿದರು. ಕಂಬದ ಮೇಲೆ ಎರಡು ತಂತಿ ಜೋಡಿಸುವ ತುಂಡು ತಂತಿಗೆ ಜಂಪರ್ ಅನ್ನುತ್ತಾರೆ. ಜೊತೆಗಾರ ಮೇಲೆ ಹತ್ತಿ ಜಂಪರ್ ಕಟ್ಟುತ್ತಿದ್ದ, ಇವರು ಕೆಳಗೆ ನಿಂತು ಸಾಮಾನು ಕೊಡುತ್ತಿದ್ದರು. ಆಗ ಯಾರದೋ ಮನೆಯ ಜನರೇಟರಿನಿಂದ ಕರೆಂಟು ತಿರುಗಿ ಲೈನಿಗೆ ಬಂತು. ಜೊತೆಗಾರ ಸೊಂಟದ ಬೆಲ್ಟಿನಲ್ಲೇ ಜೋತುಬಿದ್ದ. ಜನ ಸೇರಿ ಇಳಿಸುವಷ್ಟರಲ್ಲಿ ಜೀವ ಹೋಗಿತ್ತು.

ಇಷ್ಟನ್ನು ಅವರು ಯಾವುದೋ ಪೇಪರಿನ ಸುದ್ದಿ ಓದುವವರ ಹಾಗೆ ಹೇಳಿದರು. ಕೈ ಮಾತ್ರ ತೊಡೆಯ ಕೆಳಗೇ ಇದ್ದವು.

ನಾನು ಆಗಷ್ಟೇ ಕಣ್ಣಿನ ಚಲನೆಯ ಚಿಕಿತ್ಸೆಯ ತರಬೇತಿ ಮುಗಿಸಿದ್ದೆ. ಇಎಂಡಿಆರ್ ಅನ್ನುತ್ತಾರೆ. ಕಲಿಸಿದ ಗುರುಗಳ ಎದುರು ಜೊತೆಯ ತರಬೇತಿಯವರ ಮೇಲೆ ಅಭ್ಯಾಸ ಮಾಡಿದ್ದೆ, ಸಣ್ಣಪುಟ್ಟ ಭಯದ ಒಂದೆರಡು ರೋಗಿಗಳಿಗೆ ಮಾಡಿದ್ದೆ. ಇಂಥ ಭಾರದ್ದು ಮುಟ್ಟಿರಲಿಲ್ಲ. ಡಾಕ್ಟರಿಗೆ ಅದರಲ್ಲಿ ಪೂರ್ತಿ ವಿಶ್ವಾಸವೂ ಇರಲಿಲ್ಲ. “ಗುಳಿಗಿ ನಾ ಕೊಡ್ತೇನಿ, ಬೆರಳು ನೀವು ಆಡಸ್ರಿ. ಆದ್ರ ಹುಷಾರ್ರಿ. ಗಾಯ ಬಿಚ್ಚಿಟ್ಟು ಮುಂದಿನ ವಾರದ ತನಕ ನಾವಿಲ್ಲಿ ಇರೂದಿಲ್ಲ,” ಅಂದರು. ಆ ಮಾತು ಇಡೀ ಬೇಸಿಗೆ ನನ್ನ ಕಿವಿಯಲ್ಲಿ ಉಳಿಯಿತು.

ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ವಿವರಿಸಿದೆ. “ಕೆಟ್ಟದ್ದೇನರ ನಡದ್ರ ಅದು ನೆನಪಾಗಿ ಹಿಂದ ಸರೀಬೇಕು. ಕೆಲವೊಮ್ಮೆ ಸರಿಯೂದಿಲ್ಲ, ಈಗ ನಡ್ಯಾಕತ್ತೇತಿ ಅನ್ನೂ ಹಂಗ ಕಣ್ಣಮುಂದ ನಿಂತಬಿಡ್ತೈತಿ. ಅದನ್ನ ನೆನಸಿಗೋತ ನೀವು ನನ್ನ ಬೆರಳ ಹಿಂದ ಕಣ್ಣು ಆಡಸಬೇಕು. ಮನಸ್ಸು ಎರಡೂ ಕೂಡೆ ಮಾಡೂವಾಗ ನೆನಪಿನ ಜೋರು ಕಡಿಮಿ ಆಕ್ಕೈತಿ. ಯಾಕ ಹಂಗಾಕ್ಕೈತಿ ಅಂತ ಪೂರಾ ಯಾರಿಗೂ ಗೊತ್ತಿಲ್ರಿ. ಆದ್ರ ಭಾಳ ಮಂದಿಗೆ ಆರಾಮಾಗೇತಿ.”

“ದೃಷ್ಟಿ ತಗದಂಗೇನ್ರಿ ಅಕ್ಕಾರ?” ಹೆಂಡತಿ ಕೇಳಿದರು.

“ಅಲ್ರಿ. ಇಲ್ಲಿ ಕೆಲಸ ಮಾಡೂದು ನಾನಲ್ಲ, ಅವರ ಮನಸ್ಸು. ನಾ ಬರೇ ಬೆರಳು.”

ಮೊದಲ ಭೇಟಿಗಳಲ್ಲಿ ಬೆರಳು ಎತ್ತಲೇ ಇಲ್ಲ. ನೆನಪಿನೊಳಗೆ ಇಳಿಸುವ ಮುಂಚೆ, ಕಷ್ಟವಾದಾಗ ಮರಳಿ ಬಂದು ನಿಲ್ಲಲು ಮನಸ್ಸಿನಲ್ಲೇ ಒಂದು ನೆಮ್ಮದಿಯ ಜಾಗ ಕಟ್ಟಿಕೊಡಬೇಕು. ಸಾಮಾನ್ಯವಾಗಿ ಇದು ಸುಲಭದ ಹಂತ. ಇವರಿಗೆ ಇದೇ ಕಗ್ಗಂಟಾಯಿತು. ಕಣ್ಣು ಮುಚ್ಚಿ ಹೊಲದ ಬದುವಿನ ಬೇವಿನ ಗಿಡ ನೆನೆಸಿಕೊಂಡರು. ಉಸಿರು ನಿಧಾನವಾಗುತ್ತಿದ್ದಂತೆ ತಟ್ಟನೆ ಕಣ್ಣು ಬಿಟ್ಟು, “ಅದರ ಮಗ್ಗಲಕ್ಕ ಲೈನ್ ಹಾದೇತ್ರಿ,” ಅಂದರು. ಊರ ಗುಡಿಯ ಕಟ್ಟೆ ಅಂದರೆ ಅದರ ಮುಂದೆ ಟ್ರಾನ್ಸ್‌ಫಾರ್ಮರ್. ಕೆರೆಯ ದಂಡೆ ಅಂದರೆ ಅಲ್ಲಿ ಪಂಪ್‌ಸೆಟ್ಟಿನ ತಂತಿ. ಎಲ್ಲಿ ಕಣ್ಣು ಹಾಯಿಸಿದರೂ ಮೇಲೆ ತಂತಿ ಕಾಣುತ್ತಿತ್ತು. ನಿಲ್ಲಲು ಜಾಗವೇ ಇಲ್ಲದವರನ್ನು ಎಲ್ಲಿಗೆ ಕರೆದೊಯ್ಯಲಿ?

ಹೆಂಡತಿಯೇ ದಾರಿ ತೋರಿದರು. ಆಕೆಯ ತವರು ಸವಣೂರು, ತಂದೆಯದು ವೀಳ್ಯದೆಲೆಯ ತೋಟ. “ನಮ್ಮ ಎಲಿ ತ್ವಾಟ ನೆನಸ್ರಿ,” ಅಂದರು ಗಂಡನಿಗೆ. “ಅಲ್ಲಿ ಮ್ಯಾಲ ನೋಡಿದ್ರ ಮುಗಿಲ ಕಾಣೂದಿಲ್ಲ.”

ಕಣ್ಣು ಮುಚ್ಚಿದರು. ಒದ್ದೆ ಮಣ್ಣು, ಬರಿಗಾಲಿಗೆ ತಂಪು, ಎರಡೂ ಕಡೆ ಬಳ್ಳಿ, ಎಲೆ ಕೊಯ್ಯುವ ಮಾವ ಎಂದು ಒಂದೊಂದಾಗಿ ಹೇಳಿದರು. ಭುಜ ಇಳಿಯಿತು. ಕೈಗಳು ತಾವಾಗಿ ತೊಡೆಯ ಕೆಳಗಿಂದ ಹೊರಗೆ ಬಂದು ಮಡಿಲಲ್ಲಿ ಕೂತವು. ಅಗಲವಾದ, ಚಿಪ್ಪುಗಟ್ಟಿದ ಅಂಗೈಗಳು.

ಮುಂದಿನ ವಾರ ಶುರುಮಾಡಿದೆ. ಕುರ್ಚಿಗಳನ್ನು ಪೂರ್ತಿ ಎದುರುಬದುರು ಇಡುವುದಿಲ್ಲ. ಓರೆಯಾಗಿ, ಒಂದರ ಮಗ್ಗುಲಿಗೆ ಒಂದು ಹಾಯುವಂತೆ ಇಡಬೇಕು. ನನ್ನ ಕೈ ಅವರ ಮುಖದ ಮುಂದೆ ಆಡಬೇಕು, ನಾನು ಅಡ್ಡ ಕೂತಂತೆ ಆಗಬಾರದು. ನರ್ಸ್ ಬಾಗಿಲ ಹೊರಗೆ ಕುರ್ಚಿ ಹಾಕಿ ಕೂತರು, ಯಾರೂ ನುಗ್ಗದಿರಲೆಂದು. ಆದರೂ ಇಂಜೆಕ್ಷನ್ ಕೋಣೆಯ ಕೂಸುಗಳ ಅಳು ಪರದೆ ದಾಟಿ ಬರುತ್ತಿತ್ತು.

ಮೊದಲು ಅತಿ ಕೆಟ್ಟ ಚಿತ್ರ ಹೇಳಿಸಬೇಕು. ಬೆಲ್ಟಿನಲ್ಲಿ ಜೋತ ಜೊತೆಗಾರ, ಒಂದು ಕಡೆ ವಾಲಿದ ತಲೆ. ಆ ಚಿತ್ರ ನೋಡುವಾಗ ತನ್ನ ಬಗ್ಗೆ ಏನನ್ನಿಸುತ್ತದೆ? “ನಾ ಅವನ್ನ ಹತ್ತಿಸಬಾರದಿತ್ತು.” ಸೊನ್ನೆಯಿಂದ ಹತ್ತರೊಳಗೆ ಸಂಕಟ ಎಷ್ಟು? “ಹತ್ತಕ್ಕ ಹತ್ತು ಐತ್ರಿ.” ಮೈಯಲ್ಲಿ ಎಲ್ಲಿ? ಮುಂಗೈಯಿಂದ ಮೊಣಕೈವರೆಗೆ ಜುಮ್ಮೆನ್ನುತ್ತಿತ್ತು. ನಿಲ್ಲಿಸಬೇಕೆನಿಸಿದರೆ ಕೈ ಎತ್ತಿ ಎಂದು ಹೇಳಿ, ಎರಡು ಬೆರಳು ಜೋಡಿಸಿ ಎಡಕ್ಕೂ ಬಲಕ್ಕೂ ಆಡಿಸತೊಡಗಿದೆ.

ಕಣ್ಣು ಮೊದಲು ತಡವರಿಸುತ್ತವೆ, ಆಮೇಲೆ ಹಿಡಿತ ಸಿಗುತ್ತದೆ. ಒಂದು ಸುತ್ತು ಮುಗಿದ ಮೇಲೆ ಬೆರಳು ಇಳಿಸಿ, ಉಸಿರು ಬಿಡಿಸಿ, ಈಗೇನು ಬಂತು ಎಂದು ಕೇಳುವುದು. ಏನೇ ಹೇಳಲಿ, ತಿದ್ದುವಂತಿಲ್ಲ, ಸಮಾಧಾನ ಹೇಳುವಂತಿಲ್ಲ. “ಅದನ್ನ ಹಿಡಕೊಂಡ ಮುಂದ ನಡೀರಿ,” ಅಂದು ಮತ್ತೆ ಬೆರಳು ಎತ್ತುವುದು. ಸುಮ್ಮನಿರುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ.

ಸುಟ್ಟ ವಾಸನೆ ಬಂತು. ಜನರ ಕೂಗು ಬಂತು. ಜೊತೆಗಾರನ ಚಪ್ಪಲಿ ಕಂಬದ ಬುಡದಲ್ಲಿದ್ದದ್ದು ಕಂಡಿತು. ಅಂಗಿಯ ಕಾಲರ್ ಒದ್ದೆಯಾಯಿತು. ಹೆಣವನ್ನು ಗಾಡಿಗೆ ಹಾಕಿದರು ಅನ್ನುವವರೆಗೆ ಬಂದು ಕೈ ಎತ್ತಿದರು.

“ನೀರು ಕೊಡ್ರಿ ಮೇಡಂ.”

ಕೊಟ್ಟೆ. ಸಂಕಟ ಏಳಕ್ಕೆ ಇಳಿದಿತ್ತು. ಎಲೆ ತೋಟಕ್ಕೆ ಕರೆತಂದು ಮುಗಿಸಿದೆ. “ಎರಡು ಮೂರು ದಿನ ಕನಸು ಜಾಸ್ತಿ ಆಗಬಹುದು. ಅಷ್ಟು ದಿನ ಕಂಬ ಹತ್ತಬ್ಯಾಡ್ರಿ,” ಅಂದೆ. “ಆತ್ರಿ,” ಅಂದರು.

ಮರುವಾರವೂ ಅದೇ ದಾರಿ. ಗಾಡಿಯವರೆಗೆ ಬಂದರು, ನೀರು ಕೇಳಿದರು. ಆರಕ್ಕೆ ಇಳಿಯಿತು. ನಾನು ಒಳಗೊಳಗೇ ಹಿಗ್ಗಿದೆ. ಕಂಬ ಹತ್ತಬೇಡಿ ಎಂದು ಮತ್ತೆ ಹೇಳಿದೆ, ಆಗಲೆಂದು ಮತ್ತೆ ಒಪ್ಪಿದರು.

ಅದೇ ದಿನ ಸಂಜೆ ನಾನು ಶಿಗ್ಗಾಂವಿಯ ಮನೆ ತಲುಪುತ್ತಿದ್ದಂತೆ ಗಾಳಿ ಎದ್ದಿತು. ಅಂಗಳದ ಹಗ್ಗದ ಮೇಲಿನ ಬಟ್ಟೆ ಹಾರಿ ಮಗ್ಗುಲು ಮನೆಯ ತಗಡಿಗೆ ಬಡಿದವು. ನಾಲ್ಕು ಹನಿ ಬಿತ್ತು, ಕರೆಂಟು ಹೋಯಿತು. ಮಗ್ಗುಲು ಮನೆಯವರು ಆಗಲೇ ಫೋನು ಹಚ್ಚಿ, ಯಾವಾಗ ಬರ್ತೈತ್ರಿ ಎಂದು ಜೋರಾಗಿ ಕೇಳುತ್ತಿದ್ದರು. ಇಂಥ ಫೋನು ನಾನೂ ಎಷ್ಟೋ ಸಲ ಮಾಡಿದ್ದೇನೆ.

ಲೈನ್‌ಮನ್ನರ ನಂಬರ್ ತೆಗೆದೆ. ಒತ್ತಲು ಹೋಗಿ ನಿಂತೆ. ಫೋನು ಬಡಿದರೆ ಬೆಚ್ಚಿಬೀಳುವ ಮನುಷ್ಯ. ಒಂದು ವೇಳೆ ಮೇಲಿದ್ದರೆ? ಜೇಬಿನಲ್ಲಿ ನನ್ನ ಫೋನೇ ಬಡಿದು ಕೈ ಬಿಟ್ಟರೆ? ಹೆಂಡತಿಗೆ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಕತ್ತಲಲ್ಲಿ ಕೂತು ಗಾಳಿ ಕೇಳುತ್ತ, ಹಿರೇಕೆರೂರು ಕಡೆ ಬೀಸಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ಸವಣೂರಿನಲ್ಲಿ ಪಾಳಿ ಹಚ್ಚಿದ್ದ ರೋಗಿಗಳ ನಡುವೆ ಆಕೆಯ ಫೋನು ಬಂತು. ದನಿ ಸಣ್ಣಗಿತ್ತು. “ಹತ್ಯಾರ್ರಿ ಅಕ್ಕಾರ. ಯಾರಿಗೂ ಹೇಳಿಲ್ಲ, ಹತ್ತಿಬಿಟ್ಟಾರ. ಮ್ಯಾಲ ಹೋದ ಮ್ಯಾಲ ಕಂಬ ಅವಚಿಕೊಂಡು ನಿಂತಬಿಟ್ರಂತ. ಕರದ್ರ ಓ ಅನ್ನವಲ್ರು. ಕೆಳಗಿದ್ದಾವ್ರು ನಿಚ್ಚಣಿಕಿ ಹಚ್ಚಿ, ಹಗ್ಗ ಕಟ್ಟಿ ಇಳಸ್ಯಾರ.”

“ಪೆಟ್ಟಾಗೇತೇನ್ರಿ?”

“ಅಂಗೈ ಕಿತ್ತಾವ್ರಿ. ಬ್ಯಾರೆ ಏನಿಲ್ಲ.”

ಹೊರಗೆ ಬಂದು ನಳದ ಕೆಳಗೆ ಮುಖ ಹಿಡಿದೆ. ಡಾಕ್ಟರಿಗೆ ಹೇಳಿದಾಗ ಅವರು ಬೈಯಲಿಲ್ಲ. “ನಿಲ್ಲಸ್ರಿ. ಗುಳಿಗಿ ಮ್ಯಾಲ ನಡೀಲಿ. ಈ ಮಳಿಗಾಲ ದಾಟಲಿ,” ಅಂದರು. ಬಿಚ್ಚಿದ ಗಾಯವನ್ನು ಅರ್ಧಕ್ಕೇ ಬಿಡುವುದೂ ಅಪಾಯವೇ ಅಂದೆ. “ಹಂಗಾರ ನಿಮ್ಮ ಗುರುಗಳನ್ನ ಕೇಳ್ರಿ,” ಅಂದರು.

ಊಟದ ಹೊತ್ತಿನಲ್ಲಿ ಗುರುಗಳಿಗೆ ಫೋನು ಹಚ್ಚಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು. “ಪ್ರತಿ ಸಲ ಅವರು ಎಲ್ಲಿಗೆ ಬಂದು ನಿಲ್ತಾರ?”

“ಹೆಣ ಗಾಡಿಗೆ ಹಾಕೂ ಕಡೆ. ಅಲ್ಲಿ ನೀರು ಕೇಳ್ತಾರ್ರಿ.”

“ನೀವು ಕೊಡ್ತೀರಿ.”

“ಹೌದ್ರಿ.”

“ಗಾಡಿ ಹೋದ ಮ್ಯಾಲ ಏನಾತು ಅಂತ ಕೇಳೀರೇನು?”

ಕೇಳಿರಲಿಲ್ಲ. ಸಾವು ನಡೆದದ್ದು ಅದಕ್ಕೂ ಮುಂಚೆ. ಅತಿ ಕೆಟ್ಟದ್ದು ಅದೇ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಫೋನು ಇಡುವ ಮುಂಚೆ ಅವರು ಇನ್ನೊಂದು ಮಾತು ಹೇಳಿದರು. ಇವರು ಕಂಬದಿಂದ ದೂರ ಇರುವುದು ಖಚಿತವಾಗದೆ ಮತ್ತೆ ಬೆರಳು ಎತ್ತಬೇಡಿ, ಇದರಲ್ಲಿ ರಾಜಿ ಬೇಡ ಅಂದರು.

ಮುಂದಿನ ವಾರ ಅವರು ಬಂದರು. ಅಂಗೈಗೆ ಪಟ್ಟಿ ಕಟ್ಟಿತ್ತು.

“ಹತ್ತೂದಿಲ್ಲ ಅಂತ ಮಾತು ಕೊಟ್ಟಿದ್ರಿ ಅಣ್ಣಾರ.”

“ಗಾಳಿ ಬೀಸಿದ ಮ್ಯಾಲ ಮಾತು ನಡ್ಯೂದಿಲ್ರಿ ಮೇಡಂ. ಆ ಕಡಿ ಹಳ್ಳಿ ಹಳ್ಳಿನ ಕತ್ತಲ್ಯಾಗಿದ್ವು.”

ಹಿಂದಿನ ದಿನವಿಡೀ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಮಾತು ಹೇಳಿದೆ. “ನಿಮ್ಮ ಸೆಕ್ಷನ್ ಆಫೀಸರಿಗೆ ನೀವ ಹೋಗಿ ಹೇಳಬೇಕು. ಅವರು ನಿಮ್ಮನ್ನ ಕಂಬದ ಕೆಲಸದಿಂದ ಬಿಡಿಸೂ ತನಕ ನಾ ಬೆರಳು ಎತ್ತೂದಿಲ್ಲ.”

“ನಾ ಹೇಳಲಿಲ್ಲಂದ್ರ ನೀವ ಹೇಳ್ತೀರೇನು?”

“ಇವತ್ತ ಹೇಳೂದಿಲ್ಲ. ಆದ್ರ ನೀವು ಮತ್ತ ಹತ್ತೀರಿ ಅಂತ ಗೊತ್ತಾದ್ರ ಡಾಕ್ಟ್ರೂ ನಾನೂ ಸುಮ್ನ ಕುಂದ್ರೂದಿಲ್ಲ. ಇದನ್ನ ಮುಚ್ಚಿಡದನ ನಿಮಗ ಮೊದಲ ಹೇಳಾಕತ್ತೇನಿ.”

ಅವರು ಎದ್ದು ನಿಂತರು. ಸಿಟ್ಟಿನಲ್ಲಿ ಮುಖ ಬಿಗಿದಿತ್ತು. “ಕಂಬ ಹತ್ತಲಾರದ ಲೈನ್‌ಮನ್ ಏನು ಲೈನ್‌ಮನ್ರಿ?” ಅಂದವರು ಹೊರಟೇಬಿಟ್ಟರು. ಹೆಂಡತಿ ನನ್ನತ್ತ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು ಹಿಂದೆ ಹೋದರು.

ಆ ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಹೆಂಡತಿಗೆ ಫೋನು ಹಚ್ಚಿದರೆ, ಡ್ಯೂಟಿಗೆ ಹೋಗುತ್ತಾರೆ, ಮನೆಯಲ್ಲಿ ಮಾತಿಲ್ಲ, ಹತ್ತುತ್ತಾರೋ ಇಲ್ಲವೋ ಗೊತ್ತಿಲ್ಲ ಅಂದರು. ಡಾಕ್ಟರು ಇನ್ನು ಎಂಟು ದಿನ ನೋಡೋಣ, ಆಮೇಲೆ ನಾನೇ ಅವರ ಆಫೀಸರಿಗೆ ಮಾತಾಡುತ್ತೇನೆ ಅಂದರು. ಶಿಗ್ಗಾಂವಿಯಿಂದ ಹಾನಗಲ್ಲಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೆ ನನ್ನ ಕಣ್ಣು ಹೊಲದ ಮೇಲೆ ನಿಲ್ಲುತ್ತಿರಲಿಲ್ಲ. ಕಂಬದಿಂದ ಕಂಬಕ್ಕೆ ತಂತಿಯ ಹಿಂದೆಯೇ ಓಡುತ್ತಿತ್ತು. ಯಾರಾದರೂ ಹತ್ತಿದ್ದು ಕಂಡರೆ ಬಸ್ಸು ದಾಟುವವರೆಗೂ ಕತ್ತು ತಿರುಗಿಸಿ ನೋಡುತ್ತಿದ್ದೆ. ಒತ್ತಾಯ ಮಾಡಿ ಕೆಡಿಸಿದೆನೇ? ಅವರಿಗಿದ್ದ ಒಂದೇ ಬಾಗಿಲನ್ನೂ ಮುಚ್ಚಿದೆನೇ?

ಮೂರನೆಯ ವಾರ ನಾವು ಕೋಣೆಯ ಬೀಗ ತೆಗೆಯುವಷ್ಟರಲ್ಲಿ ಅವರು ಒಬ್ಬರೇ ಬಾಗಿಲಲ್ಲಿ ನಿಂತಿದ್ದರು.

“ಸಾಹೇಬ್ರಿಗೆ ಹೇಳಿದೆ,” ಅಂದರು. “ಬೈತಾರ ಅನಕೊಂಡಿದ್ದೆ. ‘ಮೊದಲ ಹೇಳಬಾರದೇನೋ, ನಾನೂ ಆವತ್ತಿಂದ ನೆಟ್ಟಗ ಮಲಗಿಲ್ಲ’ ಅಂದ್ರು. ಮಳಿಗಾಲ ಮುಗಿಯೂ ತನಕ ಸಬ್‌ಸ್ಟೇಷನ್ನಾಗ ಕುಂದ್ರೂ ಡ್ಯೂಟಿ ಹಾಕ್ಯಾರ.”

ನಾನು ಕುರ್ಚಿ ಸರಿಪಡಿಸಿದೆ. ಕೂತ ಮೇಲೆ ಕೇಳಿದೆ. “ಅಣ್ಣಾರ, ಗಾಡಿ ಹೋದ ಮ್ಯಾಲ ಏನಾತು?”

“ನೀರು…”

“ಕೊಡ್ತೇನಿ. ಮೊದಲ ಇದನ್ನ ಹೇಳ್ರಿ.”

ನೆಲ ನೋಡುತ್ತ ತುಣುಕು ತುಣುಕಾಗಿ ಹೇಳಿದರು. ಗಾಡಿ ಹೋಯಿತು. ಆಫೀಸಿನವರು ಬಂದರು, ಜನರೇಟರ್ ಯಾವುದೆಂದು ಪತ್ತೆಹಚ್ಚಿದರು, ಫೋಟೋ ತೆಗೆದರು, ಬರೆದುಕೊಂಡರು. ಮಧ್ಯಾಹ್ನ ಇಳಿಯಿತು. ಆ ಲೈನಿನ ಹಳ್ಳಿಗಳಿಂದ ಫೋನು ಬರುತ್ತಲೇ ಇದ್ದವು, ಕರೆಂಟ್ ಯಾವಾಗ ಎಂದು. ಕೇಳುವವರಿಗೆ ಯಾರು ಸತ್ತದ್ದೆಂಬುದೂ ತಿಳಿದಿರಲಿಲ್ಲ. ಸಾಹೇಬರು ಬೇರೆ ಕಡೆಯಿಂದ ಜನ ಕರೆಸುತ್ತೇನೆ ಅಂದರು.

“ನಾನ ಹತ್ತತೇನಿ ಅಂದೆ. ಯಾರೂ ಹತ್ತು ಅಂದಿರಲಿಲ್ರಿ. ಅದ ಕಂಬ. ತಂತಿ ತಿರುವೂ ಅವನ ಪ್ಲಾಯರ್ ಮ್ಯಾಲ ಕಂಬದ ಅಡ್ಡ ಪಟ್ಟಿಗೆ ಜೋತಬಿದ್ದಿತ್ತು. ಅದನ್ನ ತಗೊಂಡು ಅಂವ ಅರ್ಧ ಕಟ್ಟಿದ ಜಂಪರ್ ಪೂರಾ ಕಟ್ಟಿದೆ. ಇಳದ ಮ್ಯಾಲ ಫೋನ್ ಎತ್ತಿ, ‘ಬಂತು ನೋಡ್ರಿ’ ಅಂದೆ.” ಅಂಗೈ ತಿರುಗಿಸಿ ನೋಡಿಕೊಂಡರು. “ಅಳು ಬರಲಿಲ್ರಿ. ಕೈ ಸುದ್ದಾ ನಡಗಲಿಲ್ಲ. ನಾ ಎಂಥಾ ಮನಷ್ಯಾರಿ? ನಾ ಮನಷ್ಯಾನ ಅಲ್ಲ.”

ಈ ಮಾತು ಅವರ ಹೆಂಡತಿಗೂ ಗೊತ್ತಿರಲಿಲ್ಲ. ನೀರು ಕೊಟ್ಟೆ. ಕುಡಿದರು. ಚಿತ್ರ ಬದಲಾಯಿತು. ಈಗ ಅದು ಪ್ಲಾಯರ್ ಹಿಡಿದ ಅವರದೇ ಕೈ. ಸಂಕಟ ಮತ್ತೆ ಹತ್ತಕ್ಕೆ ಹತ್ತು.

ಬೆರಳು ಎತ್ತಿದೆ. ಮೊದಲ ಸುತ್ತಿಗೆ ಅವರ ಎರಡೂ ಮುಂಗೈ ಬಿಗಿದವು. ಎರಡನೆಯದಕ್ಕೆ ತುಟಿ ನಡುಗಿತು. ಆಮೇಲೆ ಅಳು ಬಂತು, ಎದೆಯ ಬುಡದಿಂದ. ಹೊರಗೆ ನರ್ಸ್ ಎದ್ದು ನಿಂತದ್ದು ಪರದೆಯ ಕೆಳಗೆ ಕಂಡಿತು. ಅವರು ಕೈ ಎತ್ತಿರಲಿಲ್ಲ, ಕಣ್ಣು ಬೆರಳನ್ನು ಬಿಟ್ಟಿರಲಿಲ್ಲ. ನಿಲ್ಲಿಸಲೇ ಎಂದು ಒಂದು ಕ್ಷಣ ಅನ್ನಿಸಿತು. ನಿಲ್ಲಿಸಿದರೆ ಮತ್ತೆ ನೀರು ಕೊಟ್ಟಂತೆಯೇ. “ಇದು ಹಳೇದ್ರಿ. ನೀವು ಇಲ್ಲಿ ನನ್ನ ಮುಂದ ಇದ್ದೀರಿ. ಬೆರಳು ನೋಡ್ರಿ,” ಅನ್ನುತ್ತ ಆಡಿಸುತ್ತಲೇ ಹೋದೆ. ತೋಳು ಸೋತು ಬಂತು, ಕೈ ಬದಲಿಸಿದೆ.

ಅಳು ನಿಂತ ಮೇಲೆ ಏನು ಬಂತೆಂದು ಕೇಳಿದೆ.

“ಕೈ ಅಷ್ಟ ಕೆಲಸ ಮಾಡಾಕತ್ತಿದ್ವು. ನಾ ಅಲ್ಲಿ ಇರಲೇ ಇಲ್ರಿ.”

“ಅದನ್ನ ಹಿಡಕೊಂಡ ಮುಂದ ನಡೀರಿ.”

“ಅಂವ ಅರ್ಧಕ್ಕ ಬಿಟ್ಟಿದ್ದ. ಅರ್ಧಕ್ಕ ಬಿಟ್ರ ಅವಂಗ ಆಗ್ತಿದ್ದಿಲ್ಲ.”

ಇನ್ನೊಂದು ಸುತ್ತು. ಉಸಿರು ಆಳಕ್ಕೆ ಹೋಯಿತು.

“ನಾ ಹಂಗ ಜೋತಿದ್ರ, ಅಂವ ಕೆಳಗಿದ್ರ, ಅಂವನೂ ಹತ್ತತಿದ್ದ.” ಕಣ್ಣೊರೆಸಿಕೊಂಡು, “ಅವಂಗ ಮನಷ್ಯಾ ಅಲ್ಲ ಅಂತ ನಾ ಅಂತಿದ್ದಿಲ್ರಿ,” ಅಂದರು.

ಅದು ನನ್ನ ಬಾಯಿಂದ ಬಂದಿದ್ದರೆ ಬರೀ ಸಮಾಧಾನದ ಮಾತಾಗುತ್ತಿತ್ತು.

ಆಮೇಲಿನ ಕೆಲವು ವಾರಗಳಲ್ಲಿ ಆ ಚಿತ್ರ ದೂರ ಸರಿಯಿತು. ಫೋನಿನ ಸದ್ದನ್ನೂ ಕಂಬದ ತುದಿಯನ್ನೂ ಬೇರೆಬೇರೆಯಾಗಿ ತೆಗೆದುಕೊಂಡು ಕೆಲಸ ಮಾಡಿದೆವು. ಮನೆಯಲ್ಲಿ ಫ್ಯಾನ್ ಅವರೇ ಹಚ್ಚುತ್ತಾರೆ ಎಂದು ಹೆಂಡತಿ ಫೋನಿನಲ್ಲಿ ಹೇಳಿದರು. ಸಂಕಟ ಎರಡಕ್ಕೆ, ಒಂದಕ್ಕೆ ಇಳಿಯಿತು. ಅಲ್ಲಿ ನಿಂತುಬಿಟ್ಟಿತು. ಸೊನ್ನೆಗೆ ತರಬೇಕೆಂದು ಕಲಿಸಿದ್ದರು. ಬೆರಳು ಎಷ್ಟು ಆಡಿಸಿದರೂ ಒಂದು ಒಂದೇ. ಇನ್ನೂ ಏನೋ ಒಳಗೆ ಉಳಿದಿದೆ, ಮತ್ತೆ ಎಲ್ಲೋ ತಪ್ಪುತ್ತಿದ್ದೇನೆ ಎಂಬ ದಿಗಿಲು ನನಗೆ.

“ಈ ಒಂದು ಯಾಕ ಹೋಗವಲ್ದು ಅನಸ್ತೈತ್ರಿ?” ಎಂದು ಅವರನ್ನೇ ಕೇಳಿದೆ.

“ಅದು ಇರಲಿ ಬಿಡ್ರಿ ಮೇಡಂ. ಕಂಬ ಹತ್ತಾಂವಗ ಅಷ್ಟರ ಅಂಜಿಕಿ ಬೇಕು. ಅದೂ ಹೋದ್ರ ನಾ ಲೈನ್ ಬಂದ್ ಐತೋ ಇಲ್ಲೋ ನೋಡದನ ಹತ್ತೇನು.”

ಆ ಸಂಜೆ ಗುರುಗಳಿಗೆ ಹೇಳಿದೆ. ಅವರು ಫೋನಿನಲ್ಲೇ ನಕ್ಕು, ಇರಲಿ ಬಿಡ್ರಿ ಅಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಹೆಂಡತಿಯನ್ನು ಕರೆದುಕೊಂಡು ಜೊತೆಗಾರನ ಮನೆಗೆ ಹೋಗಿಬಂದರು. ನಾನು ಹೇಳಿ ಕಳಿಸಿದ್ದಲ್ಲ. ಮೊದಲೇ ಕೇಳಿದ್ದರೆ ಬೇಡ ಅನ್ನುತ್ತಿದ್ದೆನೋ ಏನೋ. ಗಂಡನನ್ನು ಕಳೆದುಕೊಂಡ ಆ ಹೆಣ್ಣುಮಗಳು ಏನಂದರೂ ಅನ್ನಬಹುದಿತ್ತು. ಹೋಗಿಬಂದ ಮೇಲೆ ಬಂದು ನನ್ನೆದುರು ಕೂತರು.

“ಎಲ್ಲಾ ಹೇಳಿದೆ. ಪ್ಲಾಯರ್ ಸುದ್ದಾ ಹೇಳಿದೆ. ಅವನ ಹೆಂಡ್ತಿ ಪೂರಾ ಕೇಳಿದ್ರು. ಆಮ್ಯಾಲ, ‘ಆವತ್ತು ಸಂಜಿಗೆ ಅವರನ್ನ ಮನಿಗೆ ತಂದಾಗ ಲೈಟ್ ಇತ್ತಲ್ರಿ, ಅದು ನೀವು ಕೊಟ್ಟಿದ್ದೇನು?’ ಅಂತ ಕೇಳಿದ್ರು. ಅವರ ಊರಿಗೂ ಅದ ಲೈನ್. ಹೌದ್ರಿ ಅಂದೆ. ಮಕಾ ನೋಡಾಕ ಸಿಕ್ತು ಅಂದ್ರು. ಅಷ್ಟ. ಎದ್ದು ಚಹಾಕ್ಕ ಇಟ್ರು.”

ಅದರ ಮುಂದಿನ ತಿಂಗಳು ಅವರನ್ನು ಮತ್ತೆ ಕಂಬದ ಕೆಲಸಕ್ಕೆ ಹಾಕಿದರು. ಅವತ್ತು ನಮ್ಮ ತಂಡ ಸವಣೂರಿನಲ್ಲಿತ್ತು. ಬೆಳಿಗ್ಗೆಯೇ ಫೋನು ಮಾಡಿದ್ದರು. “ಇವತ್ತ ಹತ್ತತೇನ್ರಿ. ಆ ಕಂಬ ಅಲ್ಲ, ಬ್ಯಾರೇದು. ಸಾಹೇಬ್ರು ಕೆಳಗ ಇರ್ತಾರ. ಇಳದು ಫೋನ್ ಹಚ್ಚತೇನಿ.”

ಫೋನನ್ನು ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟುಕೊಂಡೆ. ನಿದ್ದೆ ಬಾರದ ಒಬ್ಬ ಮುದುಕಿ ಬಂದರು, ಪರೀಕ್ಷೆಯ ಭಯದ ಒಬ್ಬ ಹುಡುಗಿ ಬಂದಳು. ಅವರ ಮಾತು ಕೇಳುತ್ತಿದ್ದೆ. ಆದರೂ ಕಣ್ಣು ಜಾರಿ ಫೋನಿನ ಮೇಲೆ ಹೋಗುತ್ತಿತ್ತು. ಹೊತ್ತು ನೆತ್ತಿಗೇರಿತು. ಡಾಕ್ಟರು ಇಣುಕಿ, “ಬಂತೇನ್ರಿ?” ಅಂದರು. ಇಲ್ಲ ಅಂದೆ. ಒಂದು ಕಂಬಕ್ಕೆ ಇಷ್ಟು ಹೊತ್ತು ಬೇಕೇ ಎಂದು ಕೇಳಬೇಕೆನಿಸಿತು. ಕೇಳಲು ಯಾರೂ ಇರಲಿಲ್ಲ. ಊಟಕ್ಕೆ ಏಳಲಿಲ್ಲ.

ಪಾಳಿ ಖಾಲಿಯಾಗುತ್ತ ಬಂದಾಗ ಫೋನು ಬಡಿಯಿತು.

“ಇಳದೇನ್ರಿ ಮೇಡಂ.”

ಆ ಕಡೆ ಯಾರೋ ಡಬ್ಬಿಯ ಮುಚ್ಚಳ ತೆಗೆದ ಸದ್ದು, ನಗು ಕೇಳಿಸಿತು.

“ಹೆಂಗಾತ್ರಿ?”

“ಆತ್ರಿ. ಜರಾ ತಡಾ ಆತು. ಈಗ ಎಲ್ಲಾರೂ ಉಣ್ಣಾಕ ಕುಂತೇವಿ.” ಆಮೇಲೆ ಏನೋ ನೆನಪಾದವರಂತೆ, “ಉಂಡ ಮ್ಯಾಲ ಇನ್ನೊಂದು ಕಂಬ ಐತ್ರಿ. ಅದಕ್ಕ ಫೋನ್ ಹಚ್ಚೂದಿಲ್ರಿ ಮತ್ತ,” ಅಂದರು.

“ಬ್ಯಾಡ್ರಿ,” ಅಂದೆ.